ಎಳೆ ಕಡಿದಾಗ: ವೆಬ್ ಚೌಕಟ್ಟಿನ ದೋಷನಿರ್ವಹಣೆಯನ್ನು ಬೆಟಗೇರಿಯ ಮಗ್ಗದಿಂದ ನೋಡುವುದು

ಬೆಟಗೇರಿಯಲ್ಲಿ ಕೈಮಗ್ಗದ ಮುಂದೆ ಕೂತ ನೇಕಾರನಿಗೆ ಹಾಸಿನ ಎಳೆ ಕಡಿದರೆ ಕಣ್ಣೇ ಹೇಳುತ್ತದೆ. ಲಾಳಿ ನಿಲ್ಲಿಸುತ್ತಾನೆ, ತುದಿಗೆ ಗಂಟು ಹಾಕುತ್ತಾನೆ, ಹಣಿಗೆಯಲ್ಲಿ ಎಳೆಯನ್ನು ಮತ್ತೆ ತೂರಿಸುತ್ತಾನೆ. ಗಮನಿಸದೆ ನಾಲ್ಕು ಬೆರಳು ನೇಯ್ದಿದ್ದರೆ ಅಷ್ಟೂ ಹೊಕ್ಕನ್ನು ಬಿಚ್ಚಬೇಕು. ಸ್ವಯಂಚಾಲಿತ ಮಗ್ಗದಲ್ಲಿ ಕಣ್ಣಿನ ಕೆಲಸವನ್ನು ತೆಳ್ಳನೆಯ ಲೋಹದ ಪಟ್ಟಿ ಮಾಡುತ್ತದೆ: ಎಳೆಗೊಂದರಂತೆ ತೂಗುಬಿಟ್ಟಿರುತ್ತಾರೆ, ಎಳೆ ಕಡಿದರೆ ಪಟ್ಟಿ ಕೆಳಗೆ ಬೀಳುತ್ತದೆ, ಮಗ್ಗ ನಿಲ್ಲುತ್ತದೆ. ಜಪಾನಿನ ಸಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಮಗ್ಗ ಹೀಗೆ ತಾನಾಗಿ ನಿಲ್ಲುತ್ತಿತ್ತು. ದೋಷ ಕಂಡೊಡನೆ ನಿಲ್ಲಬೇಕೆಂಬ ಈ ತತ್ವವೇ ಮುಂದೆ ಟೊಯೊಟಾ ಕಾರು ಕಾರ್ಖಾನೆಗೂ ಬಂತು.

ವೆಬ್ ತಾಣ ಕಟ್ಟಲು ಬಳಸುವ ಚೌಕಟ್ಟುಗಳ (ಫ್ರೇಮ್‌ವರ್ಕ್) ಮುಂದಿರುವುದೂ ಇದೇ ಪ್ರಶ್ನೆ: ದೋಷ ಕಂಡಾಗ ನಿಲ್ಲಬೇಕೇ, ಮಾಡಿದ್ದನ್ನು ಬಿಚ್ಚಬೇಕೇ? 2005ರಲ್ಲಿ ಬಿಡುಗಡೆಯಾದ ಜಾಂಗೋ ಎಂಬ ಚೌಕಟ್ಟಿನಲ್ಲಿ ಯಾರೂ ಹಿಡಿಯದ ದೋಷ ಎದ್ದರೆ ಆ ಕೋರಿಕೆಯ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅರ್ಧ ಬರೆದ ದಾಖಲೆಯನ್ನು ಬಿಚ್ಚುವ ಏರ್ಪಾಡೂ ಇದೆ, ಅದರ ಹೆಸರು ಅಟಾಮಿಕ್ ರಿಕ್ವೆಸ್ಟ್ಸ್. ಆದರೆ ಅದು ತಾನಾಗಿ ಚಾಲೂ ಇರುವುದಿಲ್ಲ, ನಾವೇ ಆರಿಸಿಕೊಳ್ಳಬೇಕು. ಜಮೀನು, ಹಣದ ವ್ಯವಹಾರದಲ್ಲಿ ಆರಿಸಿಕೊಳ್ಳದಿರುವುದು ನನ್ನ ಮಟ್ಟಿಗೆ ಉಡಾಫೆ. ಎಕ್ಸ್‌ಪ್ರೆಸ್ ಎಂಬ ಇನ್ನೊಂದು ಚೌಕಟ್ಟಿನ 4ನೆಯ ಆವೃತ್ತಿಯಲ್ಲಂತೂ ಅಸಿಂಕ್ರನಸ್ ಕೆಲಸದಲ್ಲಿ ಎಡವಿದ್ದನ್ನು ಪ್ರೋಗ್ರಾಮರ್ ತಾನೇ ಹಿಡಿದು ಮುಂದಕ್ಕೆ ದಾಟಿಸಬೇಕಿತ್ತು. 5ನೆಯದರಲ್ಲಿ, ಆ ಕೆಲಸ ಪ್ರಾಮಿಸ್ ಮರಳಿಸುವಂಥದ್ದಾದರೆ, ಚೌಕಟ್ಟೇ ಹಿಡಿಯುತ್ತದೆ.

ಆದರೆ ಹೋಲಿಕೆ ಒಂದು ಕಡೆ ಕುಂಟುತ್ತದೆ, ನನ್ನ ವಾದ ಇರುವುದು ಅಲ್ಲೇ. ಮಗ್ಗ ನಿಂತಾಗ ಗಂಟು ಹಾಕಬಲ್ಲವನು ಮಗ್ಗದ ಪಕ್ಕದಲ್ಲೇ ಇರುತ್ತಾನೆ. ವೆಬ್ ಪುಟ ನಿಂತಾಗ ಎದುರಿಗಿರುವವರು ಜಮೀನಿನ ಅರ್ಜಿ ತುಂಬುತ್ತಿರುವ ಮುಂಡರಗಿಯ ಇಲ್ಲವೇ ಶಿರಹಟ್ಟಿಯ ರೈತರು. ಗಂಟು ಹಾಕಬೇಕಾದವರು ಬೆಂಗಳೂರಿನಲ್ಲಿ. ಆದ್ದರಿಂದ ಒಂದೇ ದೋಷಕ್ಕೆ ಎರಡು ಮಾತು ಬೇಕು. ಜಾಂಗೋ ಪೂರ್ತಿ ವಿವರವನ್ನು ನಿರ್ವಾಹಕರಿಗೆ ಇ-ಮೇಲ್ ಮಾಡಬಲ್ಲದು, ಬಳಕೆದಾರರಿಗೆ ಸರ್ವರ್‌ನಲ್ಲಿ ದೋಷವಾಗಿದೆ ಎನ್ನುವ ಬರಿ 500ರ ಪುಟ ತೋರಿಸುತ್ತದೆ. ಪ್ರೋಗ್ರಾಮರ್‌ಗೆ ದೋಷದ ವಿವರ ತೋರಿಸುವ ಡೀಬಗ್ ಆಯ್ಕೆಯನ್ನು ಆನ್ ಇಟ್ಟೇ ತಾಣವನ್ನು ಜನರಿಗೆ ತೆರೆದರೆ ನಿರ್ವಾಹಕರ ಮಾತು ಬಳಕೆದಾರರ ಮುಂದೆ ಬೀಳುತ್ತದೆ, ಒಳಗಿನ ಗುಟ್ಟುಗಳ ಸಮೇತ.

ಬಳಕೆದಾರರೇ ಸರಿಪಡಿಸಬಹುದಾದ ತಪ್ಪಿನ ಲೆಕ್ಕ ಬೇರೆ. ಲಕ್ಷ್ಮೇಶ್ವರದ ಒಬ್ಬರು ಸರ್ವೆ ನಂಬರಿನ ಜಾಗದಲ್ಲಿ ‘45/2’ ಎಂದು ತುಂಬಿದರು ಎನ್ನಿ. ‘ಅಮಾನ್ಯ’ ಎಂದರೆ ಏನು ಹೇಳಿದಂತಾಯಿತು? ‘ಇಲ್ಲಿ 45 ಮಾತ್ರ ಬರೆಯಿರಿ, 2ನ್ನು ಹಿಸ್ಸಾ ಕಾಲಂನಲ್ಲಿ ಹಾಕಿ’ ಎನ್ನಬೇಕು. ಉಳಿದ ಕಾಲಂಗಳಲ್ಲಿ ತುಂಬಿದ್ದು ಹಾಗೇ ಉಳಿಯಬೇಕು. ಒಂದು ಎಳೆ ಕಡಿದರೆ ಇಡೀ ಹಾಸನ್ನು ಯಾರೂ ಕತ್ತರಿಸಿ ಎಸೆಯುವುದಿಲ್ಲ.

500ರ ಪುಟದಲ್ಲಿ ಮಾತ್ರ ಇಷ್ಟು ನಾಜೂಕು ಸಾಧ್ಯವಿಲ್ಲ. ದೋಷ ತೋರಿಸುವಾಗ ಇನ್ನೊಂದು ದೋಷ ಹುಟ್ಟದಿರಲೆಂದು ಜಾಂಗೋ ಆ ಪುಟಕ್ಕೆ ಯಾವ ಮಾಹಿತಿಯನ್ನೂ ಕಳಿಸುವುದಿಲ್ಲ: ಹೆಸರಿಲ್ಲ, ಊರಿಲ್ಲ, ಅರ್ಜಿ ಸಂಖ್ಯೆಯೂ ಇಲ್ಲ. ಹಾಗಾಗಿ ಅಲ್ಲಿ ಬರುವ ಕನ್ನಡ ವಾಕ್ಯವನ್ನು ಎಲ್ಲ ಸರಿಯಿರುವ ದಿನವೇ ಯಾರಾದರೂ ಕೂತು ಬರೆದಿಟ್ಟಿರಬೇಕು.