ಹಾಡುವುದು ಪೆಟ್ಟಿಗೆಯೋ, ಗೋಡೆಯೋ?

ನಮ್ಮ ಸೊಸೈಟಿಯ ಗೆಳೆಯರೊಬ್ಬರು ನಿವೃತ್ತಿಯ ದುಡ್ಡಿನಲ್ಲಿ ಒಂದು ಪಾಲು ತೆಗೆದು ಒಂದು ಜೊತೆ ದುಬಾರಿ ಸ್ಪೀಕರ್ ಕೊಂಡರು. ಅಂಗಡಿಯಲ್ಲಿ ಕೇಳಿದಾಗ ಭೀಮಸೇನ ಜೋಶಿಯವರು ಎದುರಿಗೇ ಕೂತು ಹಾಡಿದ ಹಾಗಿತ್ತಂತೆ. ಮುಂಬಯಿಯ ಹತ್ತಡಿ-ಹನ್ನೆರಡಡಿ ಹಾಲಿಗೆ ತಂದು ಎರಡು ಮೂಲೆಯಲ್ಲಿ ಇಟ್ಟರೆ, ತಬಲಾದ ಡಗ್ಗಾ ಗುಂಯ್ ಅಂತ ಇಡೀ ಮನೆ ತುಂಬಿ, ಪಂಡಿತರು ಬಾತ್‌ರೂಮಿನಿಂದ ಹಾಡಿದಂತೆ ಕೇಳಿಸತೊಡಗಿತು. "ಅಂಗಡಿಯವ ಬೇರೆ ಪೀಸ್ ಕಳಿಸಿದ್ದಾನೆ ಮಾರಾಯ್ರೆ" ಅಂತ ಅವರ ಅನುಮಾನ. ಸೀರಿಯಲ್ ನಂಬರ್ ನೋಡಿದೆವು, ಪೀಸ್ ಅದೇ.

ಇದರ ಬೆನ್ನು ಹತ್ತಿ ಓದುತ್ತಾ ಹೋದಾಗ ಗೊತ್ತಾಯಿತು, ಸ್ಪೀಕರ್ ಪರೀಕ್ಷೆಯಲ್ಲಿ ಜನ ನೂರು ವರ್ಷದಿಂದಲೂ ಹೀಗೆ ಮೋಸ ಹೋಗುತ್ತಲೇ ಬಂದಿದ್ದಾರೆ ಅಂತ.

ಎಡಿಸನ್ನರ ಕಂಪನಿ 1915ರಿಂದ ಅಮೆರಿಕದ ಊರೂರಿನಲ್ಲಿ 'ಟೋನ್ ಟೆಸ್ಟ್' ಎಂಬ ಪ್ರದರ್ಶನ ನಡೆಸಿತು. ವೇದಿಕೆ ಮೇಲೆ ಗಾಯಕಿ, ಪಕ್ಕದಲ್ಲಿ ಫೋನೋಗ್ರಾಫ್. ದೀಪ ಆರಿಸುತ್ತಿದ್ದರು. ಹಾಡುತ್ತಿರುವುದು ಮನುಷ್ಯರೋ ಯಂತ್ರವೋ ಎಂದು ಜನ ಕತ್ತಲಲ್ಲಿ ಹೇಳಬೇಕು. ಬಹಳ ಮಂದಿಗೆ ಗೊತ್ತಾಗಲಿಲ್ಲವಂತೆ. ಆ ತಗಡಿನ ದನಿ ಕೇಳಿದ ನಮಗೆ ಇದು ನಂಬಲಾಗದ ಮಾತು. ಗುಟ್ಟೇನು ಎಂದರೆ, ಅಂಥ ಪ್ರದರ್ಶನಗಳಲ್ಲಿ ಹಾಡಿದ್ದ ಅನ್ನಾ ಕೇಸ್ ಎಂಬಾಕೆ, ತಾನು ತನ್ನ ದನಿಯನ್ನೇ ಯಂತ್ರಕ್ಕೆ ಹೊಂದಿಸಿಕೊಂಡು ಹಾಡುತ್ತಿದ್ದುದಾಗಿ ಮುಪ್ಪಿನಲ್ಲಿ ಒಪ್ಪಿಕೊಂಡರು! ಇನ್ನೊಂದು ವಿಷಯ ಯಾರೂ ಗಮನಿಸಿರಲಿಕ್ಕಿಲ್ಲ: ಇಬ್ಬರೂ ಹಾಡಿದ್ದು ಅದೇ ಸಭಾಂಗಣದಲ್ಲಿ. ಅದರ ಮಾರ್ದನಿ ಇಬ್ಬರಿಗೂ ಒಂದೇ ಬಣ್ಣ ಬಳಿಯುತ್ತಿತ್ತು.

ಇಂಗ್ಲೆಂಡಿನ ಗಿಲ್ಬರ್ಟ್ ಬ್ರಿಗ್ಸ್ ಇದನ್ನು ಪ್ರಾಮಾಣಿಕವಾಗಿ ಮಾಡಿದವರು. ಬಟ್ಟೆ ವ್ಯಾಪಾರದಿಂದ ಬಂದ ಮನುಷ್ಯ. 1932ರಲ್ಲಿ ಯಾರ್ಕ್‌ಷೈರಿನ ತಮ್ಮ ಮನೆಯ ನೆಲಮಾಳಿಗೆಯಲ್ಲಿ ವಾರ್ಫ್‌ಡೇಲ್ ಸ್ಪೀಕರ್ ಶುರುಮಾಡಿದರು. 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್, ಮರುವರ್ಷ ನ್ಯೂಯಾರ್ಕಿನ ಕಾರ್ನೆಗಿ ಹಾಲ್, ಎರಡೂ ಕಡೆ ಕಲಾವಿದರನ್ನೂ ಸ್ಪೀಕರನ್ನೂ ಎದುರುಬದುರು ನಿಲ್ಲಿಸಿ ಜನರಿಗೆ ಕೇಳಿಸಿದರು. ಮರದ ಪೆಟ್ಟಿಗೆ ತಾನೇ ಅದುರಿ ಹಾಡುತ್ತದೆ ಅಂತ ಎರಡು ಹಲಗೆಗಳ ನಡುವೆ ಮರಳು ತುಂಬಿಸಿದ, ಇಟ್ಟಿಗೆಯಲ್ಲೂ ಸ್ಪೀಕರ್ ಕಟ್ಟಿಸಿದ ಮಹಾಶಯ ಈತ. (ನಮ್ಮ ಸೊಸೈಟಿ ಕಮಿಟಿ ಇದಕ್ಕೆ ಎನ್‌ಓಸಿ ಕೊಡುವುದಿಲ್ಲ ಬಿಡಿ.)

ಕೋಣೆಯನ್ನೇ ಬಂಡವಾಳ ಮಾಡಿಕೊಂಡವರು ಅಮೆರಿಕದ ಪಾಲ್ ಕ್ಲಿಪ್ಶ್. ಅರ್ಕನ್ಸಾದ ಹೋಪ್ ಎಂಬ ಸಣ್ಣ ಊರಿನಲ್ಲಿ 1946ರಲ್ಲಿ ಅವರು ಹೊರತಂದ 'ಕ್ಲಿಪ್ಶ್‌ಹಾರ್ನ್' ಮೂಲೆಯಲ್ಲೇ ಇಡಬೇಕಾದ ಸ್ಪೀಕರ್. ಮಂದ್ರ ಸ್ವರಕ್ಕೆ ದೊಡ್ಡ ಕಹಳೆ ಬೇಕು, ಅಷ್ಟು ದೊಡ್ಡದು ಮನೆಯಲ್ಲಿ ಹಿಡಿಸದು. ಕ್ಲಿಪ್ಶ್ ಕಹಳೆಯನ್ನು ಪೆಟ್ಟಿಗೆಯೊಳಗೆ ಮಡಚಿ, ಅದರ ಕೊನೆಯ ಭಾಗದ ಕೆಲಸವನ್ನು ಮನೆಯ ಎರಡು ಗೋಡೆಗಳಿಗೆ ವಹಿಸಿಬಿಟ್ಟರು! ಸುತ್ತಲೂ ಹರಡಬೇಕಾದ ದನಿ ಮೂಲೆಯಲ್ಲಿ ಎಂಟನೇ ಒಂದು ಭಾಗದಷ್ಟು ಜಾಗಕ್ಕೆ ಒತ್ತಿಕೊಂಡು ಬರುತ್ತದೆ, ಹಾಗಾಗಿ ಜೋರು ಹೆಚ್ಚು. ಮೂಲೆಗೆಂದೇ ಮಾಡಿದ್ದಕ್ಕೆ ಇದು ವರ. ನನ್ನ ಗೆಳೆಯರದು ಮೂಲೆಗೆಂದು ಮಾಡಿದ್ದಲ್ಲ. ಅದಕ್ಕೆ ಶಾಪವಾಯಿತು.

ಸಣ್ಣ ಕೋಣೆಯ ಲೆಕ್ಕ ಇನ್ನೂ ತಮಾಷೆಯಾಗಿದೆ. ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹನ್ನೆರಡಡಿ ದೂರದ ಎರಡು ಗೋಡೆಗಳ ನಡುವೆ ಸುಮಾರು 47 ಹರ್ಟ್ಸಿನ ಅಲೆಯ ಅರ್ಧ ಭಾಗ ಸರಿಯಾಗಿ ಕೂತುಬಿಡುತ್ತದೆ. ಹತ್ತಡಿಗೆ 56 ಹರ್ಟ್ಸ್. ಆ ಸ್ವರ ಗೋಡೆಯ ಬುಡದಲ್ಲಿ ಉಬ್ಬಿ, ಕೋಣೆಯ ನಡುಮಧ್ಯದಲ್ಲಿ ಬಡಕಲಾಗುತ್ತದೆ. ನಮ್ಮ ಸೋಫಾ ಇರುವುದೆಲ್ಲಿ? ಗೋಡೆಗೆ ಅಂಟಿಕೊಂಡೇ ತಾನೆ, ಇನ್ನೆಲ್ಲಿ ಜಾಗ! ಅಂಗಡಿಯಲ್ಲಾದರೋ ದೊಡ್ಡ ಕೋಣೆ, ದಪ್ಪ ಕಾರ್ಪೆಟ್, ಕುರ್ಚಿ ನಡುವೆ.

ಹಾಗಂತ ಸ್ಪೀಕರನ್ನು ಎಲ್ಲೋ ಮುಂದಕ್ಕೆ ಎಳೆದರೆ ಮುಗಿಯಿತೇ? ಅಮೆರಿಕದ ರಾಯ್ ಆಲಿಸನ್ 1974ರಲ್ಲಿ ಒಂದು ಲೇಖನದಲ್ಲಿ ತೋರಿಸಿಕೊಟ್ಟದ್ದು ಇದು: ನೆಲ, ಹಿಂದಿನ ಗೋಡೆ, ಪಕ್ಕದ ಗೋಡೆ ಮೂರರಿಂದಲೂ ವೂಫರ್ ಒಂದೇ ದೂರದಲ್ಲಿದ್ದರೆ, ಮೂರೂ ಕಡೆಯಿಂದ ಹಿಂದಿರುಗಿದ ಅಲೆ ಸೇರಿ ಒಂದು ಸ್ವರವನ್ನೇ ಕಡಿದುಹಾಕುತ್ತದೆ. ಎರಡಡಿ ದೂರವಾದರೆ ಪೆಟ್ಟು ಬೀಳುವುದು ಸರಿಸುಮಾರು 140ರಿಂದ 170 ಹರ್ಟ್ಸಿನಲ್ಲಿ, ಅಂದರೆ ಗಂಡಸಿನ ದನಿಯ ಎದೆಗೇ. ಮೂರೂ ದೂರ ಬೇರೆಬೇರೆ ಇರಲಿ ಎಂಬ ಸಲಹೆಯ ಮೂಲ ಇದೇ.

ಇಷ್ಟೆಲ್ಲ ವ್ಯತ್ಯಾಸ ಇದ್ದರೂ ಅಂಗಡಿಯಲ್ಲಿ ನಮಗೇಕೆ ಹೊಳೆಯುವುದಿಲ್ಲ? ಉತ್ತರ ಕೊಟ್ಟವರು ಕೆನಡಾದಿಂದ ಬಂದು ಹರ್ಮನ್ ಕಂಪನಿ ಸೇರಿದ್ದ ಫ್ಲಾಯ್ಡ್ ಟೂಲ್ ಮತ್ತು ಅವರ ಜೊತೆಗಾರ ಶಾನ್ ಆಲಿವ್. 1994ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನಲವತ್ತು ಮಂದಿಗೆ ನಾಲ್ಕು ಸ್ಪೀಕರ್ ಕೇಳಿಸಿದರು, ಒಮ್ಮೆ ಪರದೆಯ ಹಿಂದಿನಿಂದ, ಒಮ್ಮೆ ಕಣ್ಣಿಗೆ ಕಾಣುವಂತೆ. ಪರದೆ ಸರಿದದ್ದೇ ತಡ, ದೊಡ್ಡ, ದುಬಾರಿ ಪೆಟ್ಟಿಗೆಗಳಿಗೆ ಅಂಕ ಏರಿತು. ಅದೇನೋ ನಿರೀಕ್ಷಿಸಿದ್ದೇ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಫಲಿತಾಂಶ. ಸ್ಪೀಕರಿನ ಜಾಗ ಬದಲಿಸಿದಾಗ ಆಗುವ ವ್ಯತ್ಯಾಸವನ್ನು ಪರದೆಯ ಮರೆಯಲ್ಲಿ ಚೆನ್ನಾಗಿ ಗುರುತಿಸಿದ ಜನವೇ, ಪೆಟ್ಟಿಗೆ ಕಾಣುತ್ತಿದ್ದಾಗ ಅದಕ್ಕೆ ಅಷ್ಟಾಗಿ ಸ್ಪಂದಿಸಲಿಲ್ಲ! ಕಿವಿ ಕೇಳುತ್ತಿತ್ತು, ಅಂಕ ಹಾಕಿದ್ದು ಮಾತ್ರ ಕಣ್ಣು. ಸಾಲದ ಅರ್ಜಿ ಹಿಡಿದು ಸೂಟು ಹಾಕಿಕೊಂಡು ಬಂದವರನ್ನು ನೋಡಿ ಬ್ಯಾಲೆನ್ಸ್ ಶೀಟ್ ಮೇಲೆ ಸುಮ್ಮನೆ ಕಣ್ಣಾಡಿಸಿದ ಮ್ಯಾನೇಜರುಗಳನ್ನು ನಾನೂ ಕಂಡಿದ್ದೇನೆ.

ಕಳೆದ ಭಾನುವಾರ ಗೆಳೆಯರ ಮನೆಯಲ್ಲಿ ಟೇಪು ಹಿಡಿದು ಅಳೆದು, ಸ್ಪೀಕರುಗಳನ್ನು ಮೂಲೆಯಿಂದ ಎಬ್ಬಿಸಿ, ಮೂರು ದೂರಗಳೂ ಬೇರೆ ಬರುವಂತೆ ಇಟ್ಟೆವು. ಸೋಫಾ ಒಂದೂವರೆ ಅಡಿ ಮುಂದಕ್ಕೆ ಬಂತು. ಅದೇ ಪುರಿಯಾ ಧನಾಶ್ರೀ ಹಾಕಿ ಐದು ನಿಮಿಷ ಆಗಿರಬೇಕು, ಇದಾವುದನ್ನೂ ನೋಡದ ಅವರ ಮನೆಯವರು ಅಡುಗೆಮನೆಯಿಂದಲೇ ಕೂಗಿದರು: "ಇದೇನ್ರೀ, ಮತ್ತೊಂದು ಸ್ಪೀಕರಿಗೆ ದುಡ್ಡು ಸುರಿದ್ರಾ?"