ನೆಲದ ನಡುಕ, ವೈರಿನ ಮಿಡಿತ: ಎರಡು ಅಳತೆಗಳ ಚರಿತ್ರೆ

1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ಗಣೇಶನನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಜನರ ಮೇಲೆ ಕಿಲ್ಲಾರಿಯ ಕಲ್ಲು-ಮಣ್ಣಿನ ಮನೆಗಳು ಕುಸಿದವು. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು 10 ಸಾವಿರ ಜನ ತೀರಿಹೋದರು. ಬಸವಕಲ್ಯಾಣಕ್ಕೆ ಕಿಲ್ಲಾರಿ ದೂರವೇನಲ್ಲ. ನಡುಕ ನಮ್ಮ ಬೀದರ್, ಕಲಬುರಗಿ ಕಡೆಗೂ ಮುಟ್ಟಿತು.

ಆ ಭೂಕಂಪದ ನಂತರ ನೆಲದ ನಡುಕ ಅಳೆಯುವ ಯಂತ್ರಗಳು ಬದಲಾದವು. ಆ ಬದಲಾವಣೆಯ ಹಿಂದೆ ಒಂದು ಲೆಕ್ಕವಿದೆ. ಮನ್ನಾಏಖೇಳ್ಳಿಯಂಥ ಊರಿನ ರಿಪೇರಿ ಅಂಗಡಿಯ ಹುಡುಗ ಆಸಿಲೋಸ್ಕೋಪ್ ಕೊಳ್ಳಲು ಹೊರಟರೆ ಅವನಿಗೂ ಎದುರಾಗುವುದು ಅದೇ ಲೆಕ್ಕ.

ಮೊದಲು ಮಳೆಯ ಉದಾಹರಣೆ ನೋಡೋಣ. ಹಳೆಯ ಮಳೆಮಾಪಕವನ್ನು ದಿನಕ್ಕೊಮ್ಮೆ ಬೆಳಿಗ್ಗೆ 8:30ಕ್ಕೆ ನೋಡುತ್ತಾರೆ. ಎಷ್ಟು ಮಿಲಿಮೀಟರ್ ಬಿತ್ತು ಎಂಬುದು ಚೆನ್ನಾಗಿ ತಿಳಿಯುತ್ತದೆ. ಆದರೆ ಅದು ಅರ್ಧ ಗಂಟೆಯಲ್ಲಿ ಸುರಿದು ತೊಗರಿ ಹೊಲ ಕೊಚ್ಚಿತೋ, ದಿನವಿಡೀ ಜಿನುಗಿತೋ ತಿಳಿಯುವುದಿಲ್ಲ. ಹಾಗಾಗಿ ಅಳತೆಯಲ್ಲಿ ಎರಡು ಪ್ರಶ್ನೆ: ಎಷ್ಟು ಸೂಕ್ಷ್ಮವಾಗಿ ಅಳೆಯುತ್ತೀರಿ? ಎಷ್ಟು ಸಲ ಅಳೆಯುತ್ತೀರಿ? ಮೊದಲನೆಯದು ರೆಸಲ್ಯೂಷನ್, ಎರಡನೆಯದು ಸ್ಯಾಂಪ್ಲಿಂಗ್ ರೇಟ್.

ಆಸಿಲೋಸ್ಕೋಪ್ ಎಂದರೆ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ. ಅದರ ಮೂಲ 1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಂಡ್ ಬ್ರೌನ್ ಮಾಡಿದ ಗಾಜಿನ ಕೊಳವೆ. ಅಮೆರಿಕದ ಟೆಕ್ಟ್ರಾನಿಕ್ಸ್ ಕಂಪನಿ 1947ರಲ್ಲಿ ತಂದ 511 ಮಾದರಿಯಲ್ಲೂ ಇಂಥದೇ ಕೊಳವೆ ಇತ್ತು. ಬೆಳಕಿನ ಚುಕ್ಕೆ ಓಡುತ್ತಿತ್ತು, ಗೆರೆ ಮೂಡುತ್ತಿತ್ತು. ಅಲ್ಲಿ ಅಂಕಿಯೇ ಇರಲಿಲ್ಲ.

1970ರ ದಶಕದಲ್ಲಿ ಡಿಜಿಟಲ್ ಬಂದಾಗ ದಾರಿ ಕವಲೊಡೆಯಿತು. ನಿಕೊಲೆಟ್ ಕಂಪನಿಯ ಮೊದಲ ಡಿಜಿಟಲ್ ಯಂತ್ರ 12 ಬಿಟ್‌ನದು, ಸೆಕೆಂಡಿಗೆ 10 ಲಕ್ಷ ಸಲ ಅಳೆಯುತ್ತಿತ್ತು. ಯಂತ್ರಗಳ ಅದುರು, ವೈದ್ಯಕೀಯ ಅಳತೆಗೆ ಅದು ಹೇಳಿಮಾಡಿಸಿದ್ದು. ಮುಂದೆ ವಾಲ್ಟರ್ ಲೆಕ್ರಾಯ್ ಮಾಡಿದ ಯಂತ್ರ ಸೆಕೆಂಡಿಗೆ 10 ಕೋಟಿ ಸಲ ಅಳೆಯಿತು, ಆದರೆ 8 ಬಿಟ್ ಮಾತ್ರ. ಒಬ್ಬರು ಸೂಕ್ಷ್ಮತೆ ಹಿಡಿದರು, ಇನ್ನೊಬ್ಬರು ವೇಗ ಹಿಡಿದರು.

ಎರಡೂ ಒಟ್ಟಿಗೆ ಏಕೆ ಸಿಗಲಿಲ್ಲ? 8 ಬಿಟ್ ಎಂದರೆ 256 ಮೆಟ್ಟಿಲು, 12 ಬಿಟ್ ಎಂದರೆ 4,096. ಅತಿ ವೇಗದ ಒಂದು ಬಗೆಯ ಚಿಪ್‌ನಲ್ಲಿ ಒಳಬಂದ ವೋಲ್ಟೇಜನ್ನು ಎಲ್ಲ ಮೆಟ್ಟಿಲಿಗೂ ಒಂದೇ ಏಟಿಗೆ ಹೋಲಿಸಬೇಕು. 8 ಬಿಟ್‌ಗೆ 255 ಹೋಲಿಕೆಯ ಸರ್ಕ್ಯೂಟ್ ಸಾಕು, 12 ಬಿಟ್‌ಗೆ 4,095 ಬೇಕು. ಒಂದೊಂದು ಬಿಟ್ ಏರಿದಾಗಲೂ ಕೆಲಸ ಇಮ್ಮಡಿ.

ಈಗ ಭೂಕಂಪಕ್ಕೆ ಬರೋಣ. ಹಳೆಯ ಯಂತ್ರದಲ್ಲಿ ತಿರುಗುವ ಕಾಗದದ ಮೇಲೆ ಗೆರೆ ಬೀಳುತ್ತಿತ್ತು. ಸಣ್ಣ ನಡುಕ ಕಾಣಲೆಂದು ಹಿಗ್ಗಿಸಿದರೆ, ದೊಡ್ಡ ನಡುಕದಲ್ಲಿ ಗೆರೆ ಕಾಗದದ ಅಂಚು ದಾಟುತ್ತಿತ್ತು. ಕಿಲ್ಲಾರಿಯ ನಂತರ ವಿಶ್ವಬ್ಯಾಂಕ್ ನೆರವಿನಿಂದ ಹವಾಮಾನ ಇಲಾಖೆಯ 10 ಭೂಕಂಪ ಕೇಂದ್ರಗಳು ಡಿಜಿಟಲ್ ಆದವು. ಇಂದಿನ ಭೂಕಂಪ ಮಾಪಕಗಳಲ್ಲಿ 24 ಬಿಟ್, ಅಂದರೆ 1.67 ಕೋಟಿಗೂ ಹೆಚ್ಚು ಮೆಟ್ಟಿಲು. ಆದರೆ ಸೆಕೆಂಡಿಗೆ ಸುಮಾರು 100 ಸಲ ಅಳೆದರೆ ಸಾಕು, ಏಕೆಂದರೆ ನೆಲ ನಿಧಾನವಾಗಿ ಅಲುಗುತ್ತದೆ.

ಎಷ್ಟು ಸಲ ಸಾಕು ಎಂಬುದಕ್ಕೂ ಲೆಕ್ಕವಿದೆ. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಅದಕ್ಕೆ ಬುನಾದಿ ಹಾಕಿದರು, ಕ್ಲಾಡ್ ಶಾನನ್ 1949ರಲ್ಲಿ ಸ್ಪಷ್ಟವಾಗಿ ಬರೆದರು: ಅಲೆಯಲ್ಲಿರುವ ಅತಿ ವೇಗದ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಗೆರೆ ಕಣ್ಣಿಗೆ ಸರಿಯಾಗಿ ಕಾಣಬೇಕಾದರೆ ಐದು ಪಟ್ಟಾದರೂ ಇರಲಿ. ಕಡಿಮೆಯಾದರೆ ಸಿನಿಮಾದಲ್ಲಿ ಗಾಡಿ ಮುಂದೆ ಓಡುವಾಗ ಚಕ್ರ ಹಿಂದೆ ತಿರುಗಿದಂತೆ ಕಾಣುತ್ತದಲ್ಲ, ಹಾಗಾಗುತ್ತದೆ. ಇಲ್ಲದ ಅಲೆ ಪರದೆ ಮೇಲೆ ಕಾಣುತ್ತದೆ.

ಇಲ್ಲೇ ದೊಡ್ಡ ವ್ಯತ್ಯಾಸ. ಬಿಟ್ ಕಡಿಮೆಯಾದರೆ ಚಿತ್ರ ಒರಟಾಗುತ್ತದೆ. ಸ್ಯಾಂಪಲ್ ಕಡಿಮೆಯಾದರೆ ಚಿತ್ರ ಸುಳ್ಳಾಗುತ್ತದೆ. ಮರುಕಳಿಸುವ ಅಲೆಯಾದರೆ ಹಲವು ಸಲ ಅಳೆದು ಸರಾಸರಿ ತೆಗೆದು ಒರಟನ್ನು ತಿದ್ದಬಹುದು. ಸುಳ್ಳನ್ನು ಆಮೇಲೆ ತಿದ್ದಲಾಗದು.

ಆದ್ದರಿಂದ ಕೊಳ್ಳುವ ಮುಂಚೆ ನಿಮ್ಮ ಕೆಲಸ ಯಾವುದು ನೋಡಿಕೊಳ್ಳಿ. ಮೊಬೈಲ್ ಚಾರ್ಜರ್, ಟಿವಿಯ ಪವರ್ ಸಪ್ಲೈ, ಆರ್ಡುಯಿನೊ ಬೋರ್ಡ್ ರಿಪೇರಿಗೆ ವೇಗ ಬೇಕು, 8 ಬಿಟ್ ಸಾಕು. ಆಂಪ್ಲಿಫೈಯರ್‌ನ ಗೊರಗೊರ ಸದ್ದು, ಸೆನ್ಸರ್‌ನ ಸಣ್ಣ ವೋಲ್ಟೇಜ್ ಹುಡುಕುವವರಿಗೆ 12 ಬಿಟ್ ಉಪಯೋಗ. 10 ವೋಲ್ಟ್ ಪೂರ್ತಿ ಅಳತೆಯಲ್ಲಿ 8 ಬಿಟ್‌ನ ಒಂದು ಮೆಟ್ಟಿಲು ಸುಮಾರು 39 ಮಿಲಿವೋಲ್ಟ್, 12 ಬಿಟ್‌ನದು 2.4.

ಡಬ್ಬಿಯ ಮೇಲಿನ ಅಂಕಿಯನ್ನೂ ಕೇಳಿ ತಿಳಿಯಿರಿ. ರೈಗಾಲ್ ಡಿಎಸ್1054ಝಡ್ ಮೇಲೆ ಸೆಕೆಂಡಿಗೆ 100 ಕೋಟಿ ಸ್ಯಾಂಪಲ್ ಎಂದಿದೆ. ನಾಲ್ಕೂ ಚಾನೆಲ್ ಹಾಕಿದರೆ ಒಂದೊಂದಕ್ಕೆ ಸಿಗುವುದು 25 ಕೋಟಿ.

ಭೂಕಂಪ ಮಾಪಕಕ್ಕೂ ರಿಪೇರಿ ಅಂಗಡಿಗೂ ನಿಯಮ ಒಂದೇ. ಮೊದಲು ಅಲೆಗೆ ಸಾಕಾಗುವಷ್ಟು ವೇಗ, ಆಮೇಲೆ ಉಳಿದ ದುಡ್ಡೆಲ್ಲ ಬಿಟ್‌ಗೆ.