ಕೊಡದೊಳಗಿನ ಓಲೆ

ಚೀಟಿ ಎತ್ತಿ ಊರಿನ ಅಧಿಕಾರಿಗಳನ್ನು ಆರಿಸುತ್ತಿದ್ದರೆಂದರೆ ಇಂದು ಯಾರಿಗಾದರೂ ನಗೆ ಬಂದೀತು. ಊರಿನ ಹಣ, ಊರಿನ ಕೆರೆ, ಊರಿನ ನ್ಯಾಯ ಇವನ್ನೆಲ್ಲ ಅದೃಷ್ಟದ ಕೈಗೆ ಒಪ್ಪಿಸುವುದು ವಿವೇಕವೇ? ಆದರೆ ಸಾವಿರ ವರ್ಷಗಳಿಗೂ ಹಿಂದೆ ನಮ್ಮ ನೆರೆನಾಡಿನ ಒಂದು ಊರಿನವರು ಈ ಪದ್ಧತಿಯನ್ನು ಬಹು ಎಚ್ಚರದಿಂದ ರೂಪಿಸಿ, ಕಲ್ಲಿನಲ್ಲಿ ಕೆತ್ತಿಸಿಟ್ಟರು. ಆ ಶಾಸನವನ್ನು ನೋಡಿದರೆ, ಅವರು ಅದೃಷ್ಟಕ್ಕೆ ಬಿಟ್ಟದ್ದು ಎಷ್ಟು ಕಡಮೆ ಎಂಬುದು ಮನದಟ್ಟಾಗುತ್ತದೆ.

ಆ ಊರು ಉತ್ತರಮೇರೂರು; ಇಂದಿನ ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿದೆ. ಚೋಳ ದೊರೆ ಮೊದಲನೆಯ ಪರಾಂತಕನ ಕಾಲದಲ್ಲಿ, ಕ್ರಿ. ಶ. 919ರಲ್ಲಿಯೂ 921ರಲ್ಲಿಯೂ, ಅಲ್ಲಿನ ಸಭೆ ಮಾಡಿದ ಎರಡು ಕಟ್ಟಳೆಗಳು ವೈಕುಂಠಪೆರುಮಾಳ್ ದೇವಾಲಯದ ಗೋಡೆಯ ಮೇಲಿವೆ. ಈ ಪದ್ಧತಿಗೆ ‘ಕುಡವೋಲೈ’ ಎಂದು ಹೆಸರು. ಕುಡವೆಂದರೆ ನಮ್ಮ ಕೊಡ. ಓಲೈ ಎಂದರೆ ನಮ್ಮ ಓಲೆ. ಕನ್ನಡಿಗರಿಗೆ ಅರ್ಥ ಹೇಳಬೇಕಾದ ಅಗತ್ಯವೇ ಇಲ್ಲ.

ಊರಿನಲ್ಲಿ 30 ವಾಡೆಗಳು. ಪ್ರತಿಯೊಂದು ವಾಡೆಯಿಂದಲೂ ಅರ್ಹರಾದವರ ಹೆಸರನ್ನು ಓಲೆಗಳಲ್ಲಿ ಬರೆಯಬೇಕು. ಅರ್ಹರು ಯಾರು? ಕಂದಾಯ ಕೊಡುವ ಸ್ವಂತ ಭೂಮಿ, ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆ ಉಳ್ಳವರು, ವೇದಜ್ಞಾನ ಉಳ್ಳವರು. ವಯಸ್ಸು 30ರಿಂದ 60 ಎಂದು ಮೊದಲನೆಯ ಕಟ್ಟಳೆ ಹೇಳಿದರೆ, ಎರಡನೆಯದು 35ರಿಂದ 70 ಎಂದು ತಿದ್ದಿತು. ಹಿಂದಿನ 3 ವರ್ಷಗಳಲ್ಲಿ ಅಧಿಕಾರದಲ್ಲಿದ್ದವರಿಗೆ ಅವಕಾಶವಿಲ್ಲ. ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರನ್ನಂತೂ ಬರೆಯುವಂತೆಯೇ ಇಲ್ಲ. ಅವನಷ್ಟೇ ಅಲ್ಲ, ಅವನ ಮಾವ, ಅಳಿಯ, ಭಾವಮೈದುನ, ಸೋದರತ್ತೆಯ ಮಕ್ಕಳು, ತಾಯಿಯ ಅಕ್ಕತಂಗಿಯರ ಮಕ್ಕಳು ಇವರೆಲ್ಲರ ಹೆಸರಿಗೂ ನಿಷೇಧ. ತಾನು ಹಿಂದೆ ನಿಂತು ನಂಟನನ್ನು ಮುಂದೆ ಬಿಡುವ ಚಮತ್ಕಾರ ಹಳೆಯದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಅನಂತರ ಎತ್ತುವ ಕ್ರಮ. ಆಬಾಲವೃದ್ಧರು ಸಭೆ ಸೇರಬೇಕು. ಅರ್ಚಕರಲ್ಲಿ ಹಿರಿಯರೊಬ್ಬರು ಕೊಡವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯಬೇಕು. ಒಳಗೇನಿದೆಯೆಂದು ಅರಿಯದ ಒಬ್ಬ ಬಾಲಕ ಒಂದು ವಾಡೆಯ ಕಟ್ಟನ್ನು ತೆಗೆಯಬೇಕು. ಅದನ್ನು ಬಿಚ್ಚಿ ಮತ್ತೊಂದು ಕೊಡಕ್ಕೆ ಹಾಕಿ ಕುಲುಕಿದ ಮೇಲೆ ಅವನೇ ಒಂದು ಓಲೆಯನ್ನು ಎತ್ತಬೇಕು. ಮಧ್ಯಸ್ಥನು ಅದನ್ನು ಐದು ಬೆರಳುಗಳನ್ನೂ ಅಗಲಿಸಿದ ಅಂಗೈಯಲ್ಲಿ ತೆಗೆದುಕೊಂಡು ಓದಬೇಕು. ಅಂಗೈಯಲ್ಲಿ ಬೇರೊಂದು ಓಲೆ ಅಡಗಿರಬಾರದಷ್ಟೆ! ಬಳಿಕ ಅರ್ಚಕರೆಲ್ಲರೂ ಅದನ್ನೇ ಓದಬೇಕು.

ಹೀಗೆ ಬಂದ 30 ಮಂದಿಯಲ್ಲಿ ವಯಸ್ಸಿನಿಂದಲೂ ವಿದ್ಯೆಯಿಂದಲೂ ಹಿರಿಯರಾಗಿ, ಹಿಂದೆ ತೋಟದ, ಕೆರೆಯ ಕೆಲಸ ನೋಡಿದ್ದ 12 ಮಂದಿ ಸಂವತ್ಸರ ವಾರಿಯಕ್ಕೆ, ಎಂದರೆ ವಾರ್ಷಿಕ ಸಮಿತಿಗೆ, ಸೇರುವರು. ಉಳಿದವರಲ್ಲಿ 12 ಮಂದಿ ತೋಟಕ್ಕೆ, 6 ಮಂದಿ ‘ಏರಿ’ಗೆ. ನಮ್ಮಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಕೆರೆಯೇ ಏರಿ. ಅಧಿಕಾರ 360 ದಿನ. ನಡುವೆ ತಪ್ಪು ಮಾಡಿದವನನ್ನು ಕೂಡಲೇ ತೆಗೆಯಬೇಕು.

ದೂರದ ಗ್ರೀಸಿನ ಅಥೆನ್ಸಿನವರೂ ಇದಕ್ಕೆ ಎಷ್ಟೋ ಶತಮಾನ ಮೊದಲೇ ಹೀಗೆಯೇ ನಡೆದಿದ್ದರು. ಹತ್ತು ಕುಲಗಳಿಂದ ಐವತ್ತೈವತ್ತರಂತೆ 500 ಮಂದಿಯ ಮಂಡಲಿಯನ್ನು ವರ್ಷಕ್ಕೊಮ್ಮೆ ಅದೃಷ್ಟಚೀಟಿಯ ಕ್ರಮದಿಂದಲೇ ಆರಿಸುತ್ತಿದ್ದರು. ಅಧಿಕಾರಕ್ಕೆ ಮೊದಲು ಪರೀಕ್ಷೆ, ಮುಗಿದ ಮೇಲೆ ಲೆಕ್ಕ ವಿಚಾರಣೆ. ಆದರೆ ಸೇನಾಪತಿಗಳನ್ನು ಮಾತ್ರ ಮತದಿಂದಲೇ ಆರಿಸುತ್ತಿದ್ದರು. ಚೀಟಿಯ ಆಯ್ಕೆ ಪ್ರಜಾಪ್ರಭುತ್ವದ ಗುಣ, ಮತದ ಆಯ್ಕೆ ಕೆಲವರ ಪ್ರಭುತ್ವದ ಗುಣ ಎಂದು ಅರಿಸ್ಟಾಟಲನೂ ಎಣಿಸಿದ್ದ. ಹಣ, ವಾಕ್ಚಾತುರ್ಯ, ಕುಲದ ಹೆಸರು ಇವು ಮತವನ್ನು ಸೆಳೆಯಬಲ್ಲವು, ಚೀಟಿಯನ್ನು ಸೆಳೆಯಲಾರವು.

ಹಾಗೆಂದು ಆ ಕಾಲವೇ ಸುವರ್ಣಯುಗವೆಂದು ಕೊಂಡಾಡುವುದು ಸಲ್ಲದು. ಉತ್ತರಮೇರೂರು ಬ್ರಾಹ್ಮಣರಿಗೆ ದತ್ತಿಯಾಗಿ ಬಂದ ಊರು. ಅದೇ ನೆಲವನ್ನು ಉತ್ತವರ ಹೆಸರಾಗಲಿ, ಯಾವ ಹೆಂಗಸಿನ ಹೆಸರಾಗಲಿ ಆ ಕೊಡದೊಳಕ್ಕೆ ಬೀಳಲಿಲ್ಲ. ಅಥೆನ್ಸಿನಲ್ಲಿ ಹೆಂಗಸರಿಗೂ ದಾಸರಿಗೂ ಪರಸ್ಥಳದವರಿಗೂ ಸ್ಥಾನವಿರಲಿಲ್ಲ. ಓಲೆ ಎತ್ತುವ ಬಾಲಕನ ಕೈ ಎಷ್ಟೇ ನಿಷ್ಪಕ್ಷಪಾತವಾಗಿದ್ದರೂ, ಕೊಡದಲ್ಲಿಲ್ಲದ ಹೆಸರನ್ನು ಅದು ಎತ್ತಲಾರದು. ನ್ಯಾಯ ನಿರ್ಣಯವಾದದ್ದು ಎತ್ತುವಾಗಲ್ಲ, ಬರೆಯುವಾಗ. ಪ್ರಾಪ್ತವಯಸ್ಕರೆಲ್ಲರಿಗೂ ಮತವಿತ್ತು ನಮ್ಮ ಸಂವಿಧಾನ ಸರಿಪಡಿಸಿದ್ದು ಈ ಲೋಪವನ್ನೇ.

ನಮ್ಮ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಲ್ಲಿಯೂ ಚೀಟಿಗೆ ಒಂದು ಸಣ್ಣ ಸ್ಥಾನವುಂಟು: ಇಬ್ಬರಿಗೆ ಸಮ ಮತ ಬಂದರೆ ಚೀಟಿ ಎತ್ತಿ ತೀರ್ಮಾನಿಸಬೇಕು. ಚುನಾವಣೆಯ ಖರ್ಚಿನ ಲೆಕ್ಕವನ್ನು ಸಕಾರಣವಿಲ್ಲದೆ ಒಪ್ಪಿಸದವರನ್ನು 3 ವರ್ಷ ಅನರ್ಹಗೊಳಿಸುವ ಅವಕಾಶವೂ ಅದೇ ಕಾಯಿದೆಯಲ್ಲಿದೆ. ಆದರೆ ಉತ್ತರಮೇರೂರಿನವರು ಕೇಳಿದ್ದು ಗೆಲ್ಲಲು ಮಾಡಿದ ಖರ್ಚಿನ ಲೆಕ್ಕವನ್ನಲ್ಲ, ಅಧಿಕಾರದಲ್ಲಿದ್ದಾಗ ಊರಿನ ಹಣವನ್ನು ಏನು ಮಾಡಿದೆಯೆಂಬ ಲೆಕ್ಕವನ್ನು. ಮತ ಬೇಡಲು ಮನೆಬಾಗಿಲಿಗೆ ಬಂದವರನ್ನು ನಾವೂ ಮೊದಲು ಅದನ್ನೇ ಕೇಳಬಹುದು.